ಟಿಯೆನ್‌ಸಿನ್ನಿನ ವಿಜ್ಞಾನದ ಉಪಾಧ್ಯಾಯ ಎರಿಕ್ ಲಿಡೆಲ್

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಬಳ್ಳಾರಿಯಿಂದ ನನ್ನ ತಂಗಿಯ ಮಗಳು ಕರೆ ಮಾಡಿದಳು. ಅವಳು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಉಪಾಧ್ಯಾಯಿನಿ. ಕೊಲ್ಲಿ ರಾಷ್ಟ್ರದ ಒಂದು ಶಾಲೆಯಿಂದ ಅವಳಿಗೆ ಕೆಲಸದ ಆಹ್ವಾನ ಬಂದಿತ್ತು. ಸಂಬಳ ಇಲ್ಲಿಯದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ಮೊದಲ ವರ್ಷ ಒಬ್ಬಳೇ ಹೋಗಬೇಕು, ಆರು ವರ್ಷದ ಮಗನನ್ನು ಅಜ್ಜಿಯ ಬಳಿ ಬಿಡಬೇಕು. ಮಾಮನಾದ ನಾನು ಏನು ಹೇಳುತ್ತೇನೆ ಎಂದು ಅವಳು ಕೇಳಿದಳು. ಇಂತಹ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡುವ ಧೈರ್ಯ ನನಗಿಲ್ಲ. ಯೋಚಿಸಿ ಹೇಳುತ್ತೇನೆಂದು ಕರೆಯನ್ನು ಮುಗಿಸಿ, ವಾಡಿಕೆಯಂತೆ ನಡೆಯಲು ಹೊರಟೆ.

ನಾನಿರುವುದು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ. ನನ್ನ ನಡಿಗೆಯ ದಾರಿಯಲ್ಲಿ ಮಾರ್ನಿಂಗ್‌ಸೈಡ್ ಬಡಾವಣೆಯ ಒಂದು ವೃತ್ತವಿದೆ. ಅಲ್ಲಿ ಒಂದೇ ಕಡೆ ನಾಲ್ಕು ಇಗರ್ಜಿಗಳು ನಿಂತಿರುವುದರಿಂದ ಊರವರು ಅದನ್ನು ಹೋಲಿ ಕಾರ್ನರ್ ಎನ್ನುತ್ತಾರೆ. ಅವುಗಳಲ್ಲಿ ಒಂದು ಈಗ ಇಗರ್ಜಿಯಾಗಿ ಉಳಿದಿಲ್ಲ. ನೆನಪು ಮಾಸಿದ ಹಿರಿಯರನ್ನು ಹಗಲು ಹೊತ್ತಿನಲ್ಲಿ ನೋಡಿಕೊಳ್ಳುವ, ಅವರ ಮನೆಯವರಿಗೆ ಆಸರೆಯಾಗುವ ಕೇಂದ್ರವಾಗಿದೆ. ಅದಕ್ಕೆ ಎರಿಕ್ ಲಿಡೆಲ್ ಅವರ ಹೆಸರನ್ನಿಟ್ಟಿದ್ದಾರೆ. ಎಷ್ಟೋ ಬಾರಿ ಅದರ ಮುಂದೆ ಹಾದುಹೋಗಿದ್ದ ನಾನು ಅಂದು ಸ್ವಲ್ಪ ಹೊತ್ತು ನಿಂತೆ. ಪರದೇಶದ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ, ಮಕ್ಕಳಿಂದ ಅಗಲಿದ ಒಬ್ಬ ಉಪಾಧ್ಯಾಯರ ಹೆಸರು ಅದು ಎಂಬುದು ಆಗ ಹೊಳೆಯಿತು.

ಲಿಡೆಲ್ ಅವರನ್ನು ಬಹಳ ಮಂದಿ ಬಲ್ಲದ್ದು ಓಟಗಾರರೆಂದು. 1981ರಲ್ಲಿ ತೆರೆಕಂಡು ಆಸ್ಕರ್ ಪಡೆದ ಚಾರಿಯಟ್ಸ್ ಆಫ್ ಫೈರ್ ಚಲನಚಿತ್ರವನ್ನು ನಾನು ವೈದ್ಯ ವಿದ್ಯಾರ್ಥಿಯಾಗಿದ್ದಾಗ ವಸತಿನಿಲಯದಲ್ಲಿ, ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿದ್ದೆ. ಭಾನುವಾರ ದೇವರ ದಿನವೆಂದು ಒಲಿಂಪಿಕ್ಸ್ ಓಟವನ್ನೇ ಬಿಟ್ಟುಕೊಟ್ಟ ಯುವಕನ ಕಥೆ. ಆ ಚಿತ್ರವು 1924ಕ್ಕೆ ನಿಂತುಬಿಡುತ್ತದೆ. ಅವರ ಮುಂದಿನ ಇಪ್ಪತ್ತು ವರ್ಷಗಳ ಬದುಕು, ಅಂದರೆ ಅವರು ತಮ್ಮ ನಿಜವಾದ ಕೆಲಸವೆಂದು ಎಣಿಸಿದ್ದ ಬದುಕು, ತೆರೆಯ ಮೇಲಿನ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ನಾನು ಇಲ್ಲಿ ಬರೆಯಹೊರಟಿರುವುದು ಆ ಭಾಗವನ್ನು ಕುರಿತು.

ಎರಿಕ್ ಹೆನ್ರಿ ಲಿಡೆಲ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಲ್ಲ, ಉತ್ತರ ಚೀನಾದ ಟಿಯೆನ್‌ಸಿನ್ ನಗರದಲ್ಲಿ, 1902ರ ಜನವರಿ 16ರಂದು. ಇಂದು ಆ ನಗರವನ್ನು ಟಿಯಾಂಜಿನ್ ಎಂದು ಕರೆಯುತ್ತಾರೆ. ತಂದೆ ಜೇಮ್ಸ್ ಲಿಡೆಲ್ ಮತ್ತು ತಾಯಿ ಮೇರಿ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಅಲ್ಲಿಗೆ ಹೋಗಿದ್ದರು. ಬಳ್ಳಾರಿಯವನಾದ ನನಗೆ ಈ ಸಂಸ್ಥೆಯ ಹೆಸರು ಅಪರಿಚಿತವಲ್ಲ. 1810ರಲ್ಲಿ ನಮ್ಮೂರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಇದೇ ಸಂಸ್ಥೆಯವರು. ವಾರ್ಡ್ಲಾ ಶಾಲೆಯನ್ನು ಕಟ್ಟಿದ್ದೂ ಇದೇ ಸಂಸ್ಥೆ. ನನ್ನ ತಾತ ಆ ಶಾಲೆಯಲ್ಲಿ ಇಂಗ್ಲಿಷ್ ಕಲಿತವರು. ತಮಗೆ ಪಾಠ ಹೇಳಿದ ದೊರೆಗಳು ತಮ್ಮ ಸ್ವಂತ ಮಕ್ಕಳನ್ನು ಎಲ್ಲಿ ಬಿಟ್ಟು ಬಂದಿದ್ದರೆಂದು ತಾತ ಎಂದಾದರೂ ಯೋಚಿಸಿದ್ದರೋ ಇಲ್ಲವೋ, ಈಗ ಕೇಳಲು ಅವರಿಲ್ಲ.

ಏಕೆಂದರೆ ಆ ಕಾಲದ ಮಿಷನರಿಗಳಲ್ಲಿ ಒಂದು ಕಠಿಣವಾದ ರೂಢಿಯಿತ್ತು. ಮಕ್ಕಳು ಆರೇಳು ವರ್ಷಕ್ಕೆ ಬಂದೊಡನೆ ಅವರನ್ನು ಸ್ವದೇಶದ ವಸತಿಶಾಲೆಯಲ್ಲಿ ಬಿಟ್ಟು ತಂದೆತಾಯಿಗಳು ಹಿಂದಿರುಗುತ್ತಿದ್ದರು. ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ಮಿಷನರಿಗಳ ಗಂಡುಮಕ್ಕಳಿಗೆಂದೇ ಒಂದು ಶಾಲೆಯಿತ್ತು. 1912ರಲ್ಲಿ ಅದು ಮಾಟಿಂಗ್‌ಹ್ಯಾಮ್‌ಗೆ ಸ್ಥಳಾಂತರಗೊಂಡು ಎಲ್ಥಮ್ ಕಾಲೇಜ್ ಎಂದಾಯಿತು. 1908ರಲ್ಲಿ ಎಂಟು ವರ್ಷದ ರಾಬ್ ಮತ್ತು ಆರು ವರ್ಷದ ಎರಿಕ್ ಈ ಶಾಲೆಗೆ ಸೇರಿದರು. ತಂದೆತಾಯಿಗಳೂ ತಂಗಿ ಜೆನ್ನಿಯೂ ಚೀನಾದಲ್ಲಿ ಉಳಿದರು. ನಡುವೆ ದೀರ್ಘ ರಜೆಗೆಂದು ಹೆತ್ತವರು ಊರಿಗೆ ಬಂದಾಗ ಮಾತ್ರ ಭೇಟಿ. ಉಳಿದಂತೆ ತಂದೆತಾಯಿಗಳೆಂದರೆ ಅವರ ಪಾಲಿಗೆ ಕಾಗದಗಳೇ. ಎರಿಕ್ ಮಾತು ಕಡಿಮೆಯ ಹುಡುಗ. ಶಾಲೆಯ ನಾಟಕವೊಂದರಲ್ಲಿ ನಿದ್ದೆಗಣ್ಣಿನ ಇಲಿಯ ಪಾತ್ರ ಮಾಡಿದ ಮೇಲೆ ಅವನಿಗೆ ಇಲಿ ಎಂಬ ಅಡ್ಡಹೆಸರೇ ನಿಂತಿತು. ಆ ಇಲಿ ಆಟದ ಮೈದಾನಕ್ಕಿಳಿದರೆ ಮಾತ್ರ ಹಿಡಿಯುವವರಿರಲಿಲ್ಲ.

ಆಟದ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಅದು ಎಲ್ಲರಿಗೂ ಗೊತ್ತಿರುವುದೇ. 1920ರಲ್ಲಿ ಲಿಡೆಲ್ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಪದವಿಗೆ ಸೇರಿದರು. ಸ್ಕಾಟ್ಲೆಂಡಿನ ರಗ್ಬಿ ತಂಡದ ಪರವಾಗಿ ಏಳು ಪಂದ್ಯಗಳನ್ನಾಡಿದರು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೈಗಳನ್ನು ಗಾಳಿಗಿರಣಿಯಂತೆ ಬೀಸುತ್ತ ಅವರು ಓಡುವ ರೀತಿ ಯಾವ ತರಬೇತುದಾರನೂ ಕಲಿಸಲಾರದಂಥದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದಿತು. ಚಲನಚಿತ್ರದಲ್ಲಿ ಈ ಸಂಗತಿ ಹಡಗು ಹತ್ತುವಾಗ ಅವರಿಗೆ ತಿಳಿಯುತ್ತದೆ. ವಾಸ್ತವವಾಗಿ ತಿಂಗಳುಗಳ ಮೊದಲೇ ತಿಳಿದಿತ್ತು. ಆಗಲೇ ಅವರು ಅದನ್ನೂ ಭಾನುವಾರ ಬರುವ ರಿಲೇ ಓಟಗಳನ್ನೂ ಬಿಟ್ಟು, ಶಾಂತವಾಗಿ 400 ಮೀಟರಿಗೆ ಅಭ್ಯಾಸ ಮಾಡತೊಡಗಿದ್ದರು. ಜುಲೈ 11ರಂದು 47.6 ಸೆಕೆಂಡುಗಳಲ್ಲಿ ಓಡಿ ಹೊಸ ದಾಖಲೆಯೊಡನೆ ಚಿನ್ನ ಗೆದ್ದರು. ಅದಕ್ಕೆ ಎರಡು ದಿನ ಮೊದಲು 200 ಮೀಟರಿನಲ್ಲಿ ಕಂಚು ಗೆದ್ದಿದ್ದರು. ಕೆಲವೇ ದಿನಗಳಲ್ಲಿ ಪದವಿ ಪ್ರದಾನ ನಡೆದಾಗ ಎಡಿನ್‌ಬರೊದ ವಿದ್ಯಾರ್ಥಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಆಗ ಅವರಿಗೆ 22 ವರ್ಷ. ಇಡೀ ದೇಶವೇ ಹೊತ್ತು ಮೆರೆಸುತ್ತಿರುವಾಗ ಒಬ್ಬ ಯುವಕ ಏನು ಮಾಡಬಹುದು? ಅವರು ಒಂದು ವರ್ಷ ದೇವತಾಶಾಸ್ತ್ರ ಓದಿ, ಚೀನಾದ ಶಾಲೆಯೊಂದರಲ್ಲಿ ಪಾಠ ಹೇಳಲು ಹೊರಟರು. 1925ರ ಬೇಸಿಗೆಯಲ್ಲಿ ಎಡಿನ್‌ಬರೊದ ವೇವರ್ಲಿ ರೈಲುನಿಲ್ದಾಣದಲ್ಲಿ ಅವರನ್ನು ಬೀಳ್ಕೊಡಲು ಜನಸಾಗರ ನೆರೆದಿತ್ತು. ಸೈಬೀರಿಯಾದ ಮೂಲಕ ರೈಲಿನಲ್ಲಿ ಸಾಗಿ ಅವರು ತಾವು ಹುಟ್ಟಿದ ಊರನ್ನು ತಲುಪಿದರು. 1928ರ ಒಲಿಂಪಿಕ್ಸ್ ಆಮ್‌ಸ್ಟರ್‌ಡಾಮಿನಲ್ಲಿ ನಡೆಯುವಾಗ ಅವರು ಟಿಯೆನ್‌ಸಿನ್ನಿನಲ್ಲಿ ಪಾಠ ಹೇಳುತ್ತಿದ್ದರು.

ಆ ಶಾಲೆಯ ಹೆಸರು ಆಂಗ್ಲೊ-ಚೈನೀಸ್ ಕಾಲೇಜ್. ಕಾಲೇಜ್ ಎಂದು ಹೆಸರಿದ್ದರೂ ಗಂಡುಮಕ್ಕಳ ಶಾಲೆಯೇ. ಕೇಂಬ್ರಿಜ್‌ನಲ್ಲಿ ವಿಜ್ಞಾನಿಯಾಗಿದ್ದ ಲ್ಯಾವಿಂಗ್ಟನ್ ಹಾರ್ಟ್ ಎಂಬವರು 1902ರಲ್ಲಿ, ಅಂದರೆ ಲಿಡೆಲ್ ಹುಟ್ಟಿದ ವರ್ಷದಲ್ಲೇ, ಅದನ್ನು ಸ್ಥಾಪಿಸಿದ್ದರು. ಟಿಯೆನ್‌ಸಿನ್ ಆಗ ವಿಚಿತ್ರವಾದ ನಗರ. ಬ್ರಿಟಿಷರು, ಫ್ರೆಂಚರು, ಜಪಾನಿಯರು, ಇಟಲಿಯವರು ಒಬ್ಬೊಬ್ಬರೂ ತಮ್ಮ ತಮ್ಮ ಬಡಾವಣೆಯನ್ನು ಕಟ್ಟಿಕೊಂಡು ತಮ್ಮದೇ ಕಾನೂನು ನಡೆಸುತ್ತಿದ್ದರು. ಶಾಲೆಗೆ ಬರುತ್ತಿದ್ದವರು ಬಹುಮಟ್ಟಿಗೆ ವ್ಯಾಪಾರಿಗಳ, ಅಧಿಕಾರಿಗಳ ಮಕ್ಕಳು. ನಾಳೆ ನಾಡನ್ನು ಆಳುವ ವರ್ಗದ ಹುಡುಗರಿಗೆ ಇಂಗ್ಲಿಷ್ ಮತ್ತು ವಿಜ್ಞಾನದೊಡನೆ ಕ್ರೈಸ್ತ ಧರ್ಮದ ಪರಿಚಯವನ್ನೂ ಮಾಡಿಸುವುದು ಹಾರ್ಟ್ ಅವರ ಉದ್ದೇಶ. ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ; ನಮ್ಮ ನಾಡಿನ ಮಿಷನ್ ಶಾಲೆಗಳ ವಿಷಯದಲ್ಲಿಯೂ ಈ ವಾದ ಹಳೆಯದು. ಆಗಿನ ಚೀನೀ ವಿದ್ಯಾರ್ಥಿಗಳಲ್ಲಿಯೂ ಆ ಅಸಮಾಧಾನವಿತ್ತು. 1925ರ ಮೇ 30ರಂದು ಶಾಂಘೈಯಲ್ಲಿ ಬ್ರಿಟಿಷ್ ಅಧೀನದ ಪೊಲೀಸರು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ್ದರು. ವಿದೇಶೀಯರ ವಿರುದ್ಧ ದೇಶವೇ ಕುದಿಯುತ್ತಿದ್ದ ಆ ಬೇಸಿಗೆಯಲ್ಲಿಯೇ ಹೊಸ ಉಪಾಧ್ಯಾಯರು ಬಂದಿಳಿದರು.

ಪರದೇಶದಲ್ಲಿ ಕೆಲಸ ಹಿಡಿದವರೆಲ್ಲರೂ ಬಲ್ಲ ಸಂಕಟವೊಂದಿದೆ. ಅಲ್ಲಿಯ ಜನರಿಗೆ ನಾವು ಮೊದಲು ನಮ್ಮ ದೇಶದ ಪ್ರತಿನಿಧಿಗಳು, ಆಮೇಲೆ ಮನುಷ್ಯರು. ಲಿಡೆಲ್ ಅವರ ಚರ್ಮದ ಬಣ್ಣವೇ ಅಂದು ಬಂದೂಕು ಹಿಡಿದವರ ಬಣ್ಣ. ಐದು ವರ್ಷದ ಮಗುವಾಗಿದ್ದಾಗ ಬಿಟ್ಟುಹೋಗಿದ್ದ ಚೀನೀ ಭಾಷೆಯನ್ನು ಅವರು ಮತ್ತೆ ಕಲಿಯಬೇಕಾಯಿತು. ತರಗತಿಯಲ್ಲಿ ಅವರು ಹೇಳುತ್ತಿದ್ದುದು ರಸಾಯನಶಾಸ್ತ್ರ, ಗಣಿತ, ಬೈಬಲ್ಲಿನ ಪಾಠ. ಸಂಜೆ ಮೈದಾನದಲ್ಲಿ ಆಟ. ಒಲಿಂಪಿಕ್ಸ್ ಗೆದ್ದವರೊಬ್ಬರು ಹದಿನಾಲ್ಕು ಹದಿನೈದರ ಹುಡುಗರೊಡನೆ ಓಟಕ್ಕೆ ನಿಲ್ಲುತ್ತಿದ್ದರು. ಅವರು ದೊಡ್ಡ ವಾಗ್ಮಿಯಲ್ಲ. ವೇದಿಕೆಯ ಮೇಲೆ ಮೆಲುದನಿಯಲ್ಲಿ ಸರಳವಾಗಿ ಮಾತಾಡುತ್ತಿದ್ದರು ಎಂದೇ ಕೇಳಿದವರೆಲ್ಲ ಬರೆದಿದ್ದಾರೆ. ಟಿಯೆನ್‌ಸಿನ್ನಿನಲ್ಲಿ ಮಿನ್‌ಯುವಾನ್ ಕ್ರೀಡಾಂಗಣ ಸಿದ್ಧವಾಗುವಾಗ ಓಟದ ಪಥ ಹೇಗಿರಬೇಕೆಂದು ಸಲಹೆ ಕೊಟ್ಟದ್ದು ಅವರೇ. ಆ ಕ್ರೀಡಾಂಗಣ ಹೊಸ ರೂಪದಲ್ಲಿ ಇಂದಿಗೂ ಇದೆ.

ಜೀವನಚರಿತ್ರೆಗಳನ್ನು ಓದುವಾಗ ಈ ವರ್ಷಗಳ ಬಗ್ಗೆ ನನ್ನ ಮನಸ್ಸಿನಲ್ಲಿ ಉಳಿದ ಸಂಗತಿ ಬೇರೆಯದು. 1925ರಲ್ಲಿ ತಂದೆ ಜೇಮ್ಸ್ ಅವರೂ ಟಿಯೆನ್‌ಸಿನ್ನಿನಲ್ಲೇ ಕೆಲಸ ಮಾಡುತ್ತಿದ್ದರು. ಹೀಗಾಗಿ ಮಗ ತಂದೆತಾಯಿಗಳ ಮನೆಯಲ್ಲೇ ಉಳಿದುಕೊಂಡರು. ತಂಗಿ ಜೆನ್ನಿ, ಕಿರಿಯ ತಮ್ಮ ಅರ್ನೆಸ್ಟ್ ಎಲ್ಲರೂ ಅಲ್ಲಿದ್ದರು. ಆರನೆಯ ವಯಸ್ಸಿನಲ್ಲಿ ಮನೆ ಬಿಟ್ಟ ಹುಡುಗ 23ನೆಯ ವಯಸ್ಸಿನಲ್ಲಿ ಮನೆಗೆ ಬಂದಂತಾಯಿತು. 1929ರಲ್ಲಿ ತಂದೆತಾಯಿಗಳು ನಿವೃತ್ತರಾಗಿ ಸ್ಕಾಟ್ಲೆಂಡಿಗೆ ಮರಳುವವರೆಗೆ ಸುಮಾರು ನಾಲ್ಕು ವರ್ಷ ಈ ಒಟ್ಟುವಾಸ ದೊರಕಿತು. 1933ರಲ್ಲಿ ತಂದೆ ತೀರಿಕೊಂಡಾಗ ಮಗ ಮತ್ತೆ ಚೀನಾದಲ್ಲಿದ್ದರು.

ಟಿಯೆನ್‌ಸಿನ್ನಿನ ಯೂನಿಯನ್ ಇಗರ್ಜಿಯ ಭಾನುವಾರದ ಶಾಲೆಯಲ್ಲಿ ಆರ್ಗನ್ ನುಡಿಸುತ್ತಿದ್ದ ಫ್ಲಾರೆನ್ಸ್ ಮೆಕೆಂಜಿ ಕೆನಡಾದ ಮಿಷನರಿ ದಂಪತಿಗಳ ಮಗಳು. ವಯಸ್ಸಿನಲ್ಲಿ ಲಿಡೆಲ್ ಅವರಿಗಿಂತ ಸುಮಾರು ಹತ್ತು ವರ್ಷ ಚಿಕ್ಕವರು. ಮದುವೆ ನಿಶ್ಚಯವಾದ ಮೇಲೆ ಆಕೆ ಟೊರಾಂಟೊಗೆ ಹೋಗಿ ದಾದಿಯರ ತರಬೇತಿ ಮುಗಿಸಿ ಬಂದರು, ಅವರು ಕಾದರು. ಆ ನಡುವೆ 1932ರಲ್ಲಿ ರಜೆಯಲ್ಲಿ ಸ್ಕಾಟ್ಲೆಂಡಿಗೆ ಬಂದಿದ್ದಾಗ ಪಾದ್ರಿಯ ದೀಕ್ಷೆಯನ್ನೂ ಪಡೆದರು. 1934ರ ಮಾರ್ಚ್ 27ರಂದು ಮದುವೆಯಾಯಿತು. 1935ರಲ್ಲಿ ಪ್ಯಾಟ್ರಿಷಿಯಾ, 1937ರಲ್ಲಿ ಹೆದರ್ ಹುಟ್ಟಿದರು. ಶಾಲೆ, ಮನೆ, ಸಂಜೆಯ ಆಟ. ಪರದೇಶಕ್ಕೆ ಹೋಗುವ ಉಪಾಧ್ಯಾಯರೆಲ್ಲರೂ ಆಸೆಪಡುವ ನೆಲೆಗೊಂಡ ಬದುಕು ಅವರಿಗೆ ದೊರೆತಿತ್ತು.

ಅದನ್ನು ಅವರು ತಾವಾಗಿ ಬಿಟ್ಟರು. ತಾವು ಬಾಲ್ಯ ಕಳೆದ ಸಿಯಾವ್‌ಚಾಂಗ್ ಎಂಬ ಹಳ್ಳಿಯಲ್ಲಿ ಕೆಲಸಕ್ಕೆ ಜನ ಬೇಕೆಂದು ಸಂಸ್ಥೆ ಕೇಳುತ್ತಿತ್ತು. ಬಹಳ ಕಾಲ ಯೋಚಿಸಿ, 1937ರಲ್ಲಿ, ಹನ್ನೆರಡು ವರ್ಷಗಳ ಅಧ್ಯಾಪನವನ್ನು ನಿಲ್ಲಿಸಿ ಅವರು ಅಲ್ಲಿಗೆ ಹೊರಟರು. ಜಪಾನಿನ ಸೈನ್ಯ ಉತ್ತರ ಚೀನಾವನ್ನು ನುಂಗುತ್ತಿದ್ದ ವರ್ಷ ಅದು. ಅಪಾಯವಿದ್ದುದರಿಂದ ಹೆಂಡತಿ ಮಕ್ಕಳು ಟಿಯೆನ್‌ಸಿನ್ನಿನಲ್ಲೇ ಉಳಿದರು. ಸಿಯಾವ್‌ಚಾಂಗಿನ ಮಿಷನ್ ಆಸ್ಪತ್ರೆಯಲ್ಲಿ ಅಣ್ಣ ರಾಬ್ ವೈದ್ಯರಾಗಿದ್ದರು. ಲಿಡೆಲ್ ಸೈಕಲ್ಲಿನ ಮೇಲೆ, ಕಾಲ್ನಡಿಗೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗಿದರು. 1939ರಲ್ಲಿ ಒಮ್ಮೆ ಪಾಳುಗುಡಿಯಲ್ಲಿ ಬಿದ್ದಿದ್ದ ಗಾಯಾಳು ಸೈನಿಕನನ್ನು ಗಾಡಿಯಲ್ಲಿ ತರುವಾಗ ಇನ್ನೊಬ್ಬನ ಸುದ್ದಿ ತಿಳಿಯಿತು. ಜಪಾನೀ ಸೈನಿಕರು ಅವನ ತಲೆ ಕಡಿಯಹೋಗಿ ಏಟು ತಪ್ಪಿ ಕತ್ತು ಸೀಳಿತ್ತು. ಇಬ್ಬರನ್ನೂ ಹೇರಿಕೊಂಡು ಆಸ್ಪತ್ರೆ ಮುಟ್ಟಿಸಿದರು. ಮೊದಲನೆಯವನು ಬದುಕಲಿಲ್ಲ. ಕತ್ತು ಸೀಳಿದವನು ಬದುಕಿದನು. ಅವನು ಚಿತ್ರಕಾರ, ಕೃತಜ್ಞತೆಯಿಂದ ಪಿಯೊನಿ ಹೂವಿನ ಚಿತ್ರ ಬರೆದುಕೊಟ್ಟನು.

1939–40ರಲ್ಲಿ ಕುಟುಂಬ ರಜೆಗೆ ಕೆನಡಾಕ್ಕೂ ಸ್ಕಾಟ್ಲೆಂಡಿಗೂ ಹೋಯಿತು. ಅಲ್ಲಿಯೇ ಉಳಿಯಬಹುದಿತ್ತು. 1940ರಲ್ಲಿ ಮರಳುವಾಗ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅವರ ಹಡಗುಗಳ ಸಾಲಿನ ಮೇಲೆ ಬಿದ್ದವು. ಅವರಿದ್ದ ಹಡಗಿಗೆ ಬಡಿದ ಟಾರ್ಪೆಡೊ ಸಿಡಿಯಲಿಲ್ಲ. ಇಬ್ಬರು ಪುಟ್ಟ ಮಕ್ಕಳೊಡನೆ ಯುದ್ಧದ ನಡುವೆ ಚೀನಾಕ್ಕೆ ಹಿಂದಿರುಗಿದ ಈ ನಿರ್ಧಾರ ನನಗೆ ಇಂದಿಗೂ ಅರ್ಥವಾಗುವುದಿಲ್ಲ. ಶ್ರದ್ಧೆಯುಳ್ಳವರು ಇದನ್ನು ಕರೆ ಎನ್ನುತ್ತಾರೆ. ಒಬ್ಬ ತಂದೆಯಾಗಿ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ.

1941ರ ಮೇ ತಿಂಗಳಲ್ಲಿ ಕೊನೆಗೂ ಅಗಲಿಕೆ ಬಂದಿತು. ಬ್ರಿಟಿಷ್ ಸರ್ಕಾರ ತನ್ನ ಪ್ರಜೆಗಳಿಗೆ ಹೊರಡಿರೆಂದು ಸೂಚಿಸಿತ್ತು. ಗರ್ಭಿಣಿಯಾಗಿದ್ದ ಫ್ಲಾರೆನ್ಸ್ ಐದು ಮತ್ತು ನಾಲ್ಕು ವರ್ಷದ ಹೆಣ್ಣುಮಕ್ಕಳೊಡನೆ ಕೆನಡಾದತ್ತ ಜಪಾನೀ ಹಡಗು ಹತ್ತಿದರು. ಲಿಡೆಲ್ ಸ್ವಲ್ಪ ಕಾಲ ಕಳೆದು ಬರುವುದೆಂದಾಗಿತ್ತು. ಸೆಪ್ಟೆಂಬರಿನಲ್ಲಿ ಟೊರಾಂಟೊದಲ್ಲಿ ಮೂರನೆಯ ಮಗಳು ಮೌರೀನ್ ಹುಟ್ಟಿದ ಸುದ್ದಿ ತಂತಿಯಲ್ಲಿ ಬಂದಿತು. ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಅಲ್ಲಿಗೆ ಹೊರಡುವ ದಾರಿಗಳೆಲ್ಲ ಮುಚ್ಚಿದವು.

ಇಲ್ಲಿ ನನ್ನದೊಂದು ಮಾತು. ನಾನು ಈ ದೇಶಕ್ಕೆ ಬಂದಾಗ ಹೆಂಡತಿಯನ್ನೂ ಹತ್ತು ತಿಂಗಳ ಮಗಳನ್ನೂ ಊರಲ್ಲಿ ಬಿಟ್ಟು ಬಂದಿದ್ದೆ. ಪರೀಕ್ಷೆ, ತಾತ್ಕಾಲಿಕ ಕೆಲಸ, ಮತ್ತೆ ಪರೀಕ್ಷೆ ಎಂದು ಹದಿನಾಲ್ಕು ತಿಂಗಳು ಕಳೆದವು. ವಿಮಾನ ನಿಲ್ದಾಣದಲ್ಲಿ ಎತ್ತಿಕೊಳ್ಳಹೋದರೆ ಮಗಳು ನನ್ನನ್ನು ಕಂಡು ಕಿರುಚಿ ತಾಯಿಯ ಸೆರಗಿನ ಹಿಂದೆ ಅಡಗಿದಳು. ವಾರದೊಳಗೆ ಎಲ್ಲ ಸರಿಹೋಯಿತು, ನಿಜ. ಈಗ ಅವಳು ಅದನ್ನು ಹಾಸ್ಯವಾಗಿ ಹೇಳಿಕೊಳ್ಳುತ್ತಾಳೆ. ನಾನು ಆ ಹಾಸ್ಯದಲ್ಲಿ ಸೇರಿಕೊಳ್ಳುವುದಿಲ್ಲ.

1943ರ ಮಾರ್ಚ್ ತಿಂಗಳಲ್ಲಿ ಜಪಾನೀಯರು ಟಿಯೆನ್‌ಸಿನ್ನಿನ ಬ್ರಿಟಿಷರನ್ನೂ ಇತರ ವಿದೇಶೀಯರನ್ನೂ ಶಾಂಟುಂಗ್ ಪ್ರಾಂತದ ವೇಯ್‌ಸಿಯೆನ್ ಶಿಬಿರಕ್ಕೆ ಸಾಗಿಸಿದರು. ಹಿಂದೆ ಅಮೆರಿಕನ್ ಮಿಷನ್ನಿನ ಆವರಣವಾಗಿದ್ದ ಆ ಜಾಗದಲ್ಲಿ ಸುಮಾರು 1500 ಜನ. ವ್ಯಾಪಾರಿಗಳು, ಪಾದ್ರಿಗಳು, ಕನ್ಯಾಸ್ತ್ರೀಯರು, ಸಂಗೀತಗಾರರು, ಕುಡುಕರು, ಕೂಸುಗಳು, ಎಲ್ಲರೂ. ಚೀಫೂ ಎಂಬಲ್ಲಿದ್ದ ಮಿಷನರಿ ಮಕ್ಕಳ ವಸತಿಶಾಲೆಯನ್ನು ಅದೇ ವರ್ಷ ಇಡಿಯಾಗಿ ಅಲ್ಲಿಗೆ ತಂದು ಹಾಕಿದರು. ಆ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಚೀನಾದ ಇನ್ನೊಂದು ಭಾಗದಲ್ಲಿ, ಯುದ್ಧದ ಆಚೆ ಬದಿಯಲ್ಲಿದ್ದರು. ವಸತಿಶಾಲೆಯ ಏಕಾಂತವನ್ನು ಆರನೆಯ ವಯಸ್ಸಿನಿಂದ ಬಲ್ಲವರೊಬ್ಬರು ಆ ಶಿಬಿರದಲ್ಲಿದ್ದುದು ಅವರ ಪುಣ್ಯ. ಮಕ್ಕಳು ಅವರನ್ನು ಅಂಕಲ್ ಎರಿಕ್ ಎಂದು ಕರೆದರು.

ಅಲ್ಲಿ ಮತ್ತೆ ಶಾಲೆ ತೆರೆಯಿತು. ಪುಸ್ತಕಗಳ ಕೊರತೆ, ಪ್ರಯೋಗಾಲಯವಿಲ್ಲ. ಲಿಡೆಲ್ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿದರು. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಸಿದ್ಧರಾಗುವ ಮಕ್ಕಳಿಗಾಗಿ ರಸಾಯನಶಾಸ್ತ್ರದ ಪಾಠಗಳನ್ನು ಕೈಯಲ್ಲಿ ಬರೆದು, ಬಳಸಲು ಸಿಗದ ಉಪಕರಣಗಳ ಚಿತ್ರಗಳನ್ನು ಬಿಡಿಸಿ ಹಂಚಿದರು. ಮುಟ್ಟಿ ನೋಡಲಾಗದ ಗಾಜಿನ ಕೊಳವೆಗಳನ್ನು ಮಕ್ಕಳು ಗೆರೆಗಳಲ್ಲಿ ಕಂಡು ಕಲಿತರು. ಅದರ ಜೊತೆಗೆ ಎರಡು ವಸತಿಸಾಲುಗಳ ಮೇಲ್ವಿಚಾರಣೆ, ನೀರು ಹೊರುವುದು, ವೃದ್ಧರ ಕಲ್ಲಿದ್ದಲು ಹೊತ್ತುಕೊಡುವುದು, ಹರಿದ ಹಾಕಿ ಕೋಲುಗಳನ್ನು ಕಟ್ಟಿ ಸರಿಮಾಡುವುದು. ಜಾಗದ ಕೊರತೆಯಿಂದ ಮೂವರು ಒಂದೇ ಚಿಕ್ಕ ಕೋಣೆಯಲ್ಲಿ ಮಲಗುತ್ತಿದ್ದರು. ಬೆಳಗಾಗುವ ಮೊದಲೇ ಎದ್ದು, ಎಣ್ಣೆಯ ಬೆಳಕಿನಲ್ಲಿ ಪ್ರಾರ್ಥನೆ ಮುಗಿಸಿ ದಿನದ ಕೆಲಸಕ್ಕೆ ಇಳಿಯುತ್ತಿದ್ದರು.

ಭಾನುವಾರದ ವಿಷಯ ಇಲ್ಲಿ ಮತ್ತೆ ಬಂದಿತು. ಶಿಬಿರದ ಮಕ್ಕಳಿಗೆ ಭಾನುವಾರ ಹಾಕಿ ಆಡುವ ಆಸೆ. ಲಿಡೆಲ್ ಮೊದಲು ಒಪ್ಪಲಿಲ್ಲ. ಹುಡುಗರು ತಾವೇ ಆಡಿದರು. ತೀರ್ಪುಗಾರನಿಲ್ಲದ ಆಟ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ಸೀಟಿ ಹಿಡಿದು ಮೈದಾನದಲ್ಲಿ ನಿಂತವರು ಲಿಡೆಲ್ ಅವರೇ. ಇಡೀ ಲೋಕದ ಮುಂದೆ ತಮಗಾಗಿ ಸಡಿಲಿಸದ ನಿಯಮವನ್ನು ಅವರು ಅನಾಥರಂತಿದ್ದ ಕೆಲವು ಮಕ್ಕಳಿಗಾಗಿ ಸಡಿಲಿಸಿದರು. ಪ್ಯಾರಿಸ್ಸಿನ ಚಿನ್ನಕ್ಕಿಂತ ಈ ಸೀಟಿ ನನಗೆ ದೊಡ್ಡದಾಗಿ ಕಾಣುತ್ತದೆ. ಈ ಮಾತಿಗೆ ಇಲ್ಲಿಯ ನನ್ನ ಸ್ಕಾಟಿಷ್ ಸಹೋದ್ಯೋಗಿಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕುತ್ತಾರೆ.

ಮನೆಯ ಸುದ್ದಿ ಬರುತ್ತಿದ್ದುದು ರೆಡ್‌ಕ್ರಾಸ್ ಮೂಲಕ, ಎಣಿಸಿದ ಕೆಲವೇ ಪದಗಳಲ್ಲಿ, ತಿಂಗಳುಗಳು ತಡವಾಗಿ.

1944ರ ಕೊನೆಯ ವೇಳೆಗೆ ಅವರಿಗೆ ತಲೆನೋವು ಶುರುವಾಯಿತು. ಸದಾ ಹಸನ್ಮುಖಿಯಾಗಿದ್ದವರು ಮಂಕಾದರು. ನಡಿಗೆಯೂ ಮಾತೂ ನಿಧಾನವಾದವು. ಅತಿಯಾದ ದುಡಿಮೆಯಿಂದಲೂ ಮನೆಯವರ ಅಗಲಿಕೆಯಿಂದಲೂ ಮನಸ್ಸು ಬಳಲಿದೆ ಎಂಬುದು ಶಿಬಿರದ ವೈದ್ಯರ ಅಭಿಪ್ರಾಯ. ರೋಗಿಯೂ ಅದನ್ನೇ ನಂಬಿದರು. ನಂಬಿಕೆಯುಳ್ಳವನ ಮನಸ್ಸು ಹೀಗೆ ಕುಸಿಯಬಾರದಿತ್ತೆಂದು ಅವರು ನೊಂದುಕೊಂಡರೆಂಬ ಮಾತು ಓದಿದಾಗ ನನಗೆ ಬಹಳ ವ್ಯಥೆಯಾಯಿತು. ಆ ವೈದ್ಯರನ್ನು ನಾನು ದೂರುವುದಿಲ್ಲ. ಅರೆಹೊಟ್ಟೆಯ ಶಿಬಿರದಲ್ಲಿ ತಲೆನೋವು, ನಿರುತ್ಸಾಹ ಯಾರಿಗಿರಲಿಲ್ಲ? ತಲೆಯೊಳಗನ್ನು ತೋರಿಸುವ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಆ ಕಾಲದ ದೊಡ್ಡ ನಗರಗಳಲ್ಲಿ ಮೆದುಳಿನ ಕುಹರಗಳಿಗೆ ಗಾಳಿ ತುಂಬಿ ಅಥವಾ ರಕ್ತನಾಳಗಳಿಗೆ ಔಷಧ ಹಾಯಿಸಿ ಎಕ್ಸ್-ರೇ ತೆಗೆಯುವ ವಿಧಾನಗಳಿದ್ದವು. ವೇಯ್‌ಸಿಯೆನ್ನಿನಲ್ಲಿ ಅವೆಲ್ಲಿಂದ ಬರಬೇಕು? ಆದರೂ ಒಂದು ಮಾತನ್ನು ವೈದ್ಯನಾಗಿ ಹೇಳಬೇಕು. ಪರದೇಶದಲ್ಲಿ ಒಂಟಿಯಾಗಿರುವವರ ನೋವುಗಳನ್ನೆಲ್ಲ ಮನೆಯ ನೆನಪಿನ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ಇಂದಿಗೂ ಹೋಗಿಲ್ಲ. ಹೊಸದಾಗಿ ಬಂದು ಬಿಡದೆ ಹೆಚ್ಚುತ್ತ ಹೋಗುವ ತಲೆನೋವಿಗೆ, ಅದರೊಡನೆ ಸ್ವಭಾವದಲ್ಲಿಯೋ ನಡಿಗೆಯಲ್ಲಿಯೋ ಕಾಣುವ ಬದಲಾವಣೆಗೆ, ಪರೀಕ್ಷೆಯಾಗಲೇಬೇಕು.

1945ರ ಫೆಬ್ರವರಿ 21ರಂದು ಅವರು ಆಸ್ಪತ್ರೆಯ ಹಾಸಿಗೆಯಿಂದ ಫ್ಲಾರೆನ್ಸ್‌ಗೆ ಒಂದು ಕಾಗದ ಬರೆಯಿಸಿದರು. ಹೊಣೆಗಾರಿಕೆ ಹೆಚ್ಚಾಗಿ ನರಗಳು ಸ್ವಲ್ಪ ಬಳಲಿದ್ದವು, ಒಂದು ತಿಂಗಳ ಆಸ್ಪತ್ರೆವಾಸದಿಂದ ಬಹಳ ಸುಧಾರಿಸಿದ್ದೇನೆ, ಪಾಠ ಮತ್ತು ಆಟೋಟಗಳನ್ನು ಬಿಟ್ಟು ರೊಟ್ಟಿ ಸುಡುವಂತಹ ಮೈಕೆಲಸ ಹಿಡಿಯಲು ವೈದ್ಯರು ಹೇಳಿದ್ದಾರೆ ಎಂಬುದು ಅದರ ಸಾರ. ಮನೆಯವರು ಹೆದರದಂತೆ ರೋಗವನ್ನು ಚಿಕ್ಕದು ಮಾಡಿ ಹೇಳುವ ಈ ಧಾಟಿಯನ್ನು ಹೊರನಾಡಿನಲ್ಲಿರುವ ನಮ್ಮಲ್ಲಿ ಯಾರು ತಾನೇ ಗುರುತಿಸಲಾರರು? ಅದೇ ದಿನ ರಾತ್ರಿ ಅವರು ತೀರಿಕೊಂಡರು. ಸಿಯಾವ್‌ಚಾಂಗಿನಿಂದಲೂ ಅವರನ್ನು ಬಲ್ಲ ಸ್ಕಾಟಿಷ್ ದಾದಿ ಆನಿ ಬುಕನ್ ಹತ್ತಿರವಿದ್ದರು. ಶವಪರೀಕ್ಷೆಯಲ್ಲಿ ಮೆದುಳಿನ ಎಡಭಾಗದಲ್ಲಿ ಗೆಡ್ಡೆಯೂ ರಕ್ತಸ್ರಾವವೂ ಕಂಡವು. ವಯಸ್ಸು 43. ಚೀಫೂ ಶಾಲೆಯ ಹುಡುಗರು ಶವಯಾತ್ರೆಯಲ್ಲಿ ಸಾಲಾಗಿ ನಿಂತರು. ಆರು ತಿಂಗಳು ಕಳೆಯುವ ಮೊದಲೇ, ಆಗಸ್ಟ್ 17ರಂದು, ಅಮೆರಿಕನ್ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದು ಶಿಬಿರವನ್ನು ಬಿಡುಗಡೆ ಮಾಡಿದರು.

ಆ ಹುಡುಗರಲ್ಲಿ ಸ್ಟೀಫನ್ ಮೆಟ್‌ಕಾಫ್ ಎಂಬವನೊಬ್ಬನಿದ್ದನು. ಚಳಿಗಾಲದಲ್ಲಿ ಅವನ ಕಾಲಿಗೆ ಚಪ್ಪಲಿಯಿಲ್ಲದ್ದನ್ನು ಕಂಡು ಲಿಡೆಲ್ ತಮ್ಮ ಹಳೆಯ ಓಟದ ಬೂಟುಗಳನ್ನು ಹೊಲಿದು ಸರಿಮಾಡಿ ಕೊಟ್ಟಿದ್ದರು. ತಮ್ಮನ್ನು ಸೆರೆಯಲ್ಲಿಟ್ಟವರಿಗಾಗಿ ಪ್ರಾರ್ಥಿಸುವುದನ್ನೂ ಕಲಿಸಿದ್ದರು. ಮೆಟ್‌ಕಾಫ್ ದೊಡ್ಡವನಾಗಿ ಹೋದದ್ದು ಜಪಾನಿಗೆ. ಅಲ್ಲಿ ಸುಮಾರು ನಲವತ್ತು ವರ್ಷ ಮಿಷನರಿಯಾಗಿದ್ದರು.

ಫ್ಲಾರೆನ್ಸ್‌ಗೆ ಸಾವಿನ ಸುದ್ದಿ ಮುಟ್ಟಿದ್ದು ಮೇ ತಿಂಗಳಲ್ಲಿ. ಆಕೆ ದಾದಿಯ ಕೆಲಸ ಮಾಡಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದರು. ಮೌರೀನ್ ತಂದೆಯನ್ನು ಕಂಡದ್ದು ಭಾವಚಿತ್ರಗಳಲ್ಲಿ ಮಾತ್ರ. ಶಿಬಿರವಿದ್ದ ಊರನ್ನು ಈಗ ವೇಫಾಂಗ್ ಎನ್ನುತ್ತಾರೆ. 1991ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಸ್ಕಾಟ್ಲೆಂಡಿನ ಮಲ್ ದ್ವೀಪದ ಕಲ್ಲನ್ನು ಅಲ್ಲಿಗೆ ಸಾಗಿಸಿ ಸ್ಮಾರಕ ನಿಲ್ಲಿಸಿತು.

ಇಷ್ಟನ್ನೂ ಮರುವಾರ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿದೆ. ಹೋಗು ಎಂದಾಗಲಿ ಬೇಡ ಎಂದಾಗಲಿ ಹೇಳಲಿಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡು, ಆ ಮೂರು ಹೆಣ್ಣುಮಕ್ಕಳು ತಂದೆಯ ಮೇಲೆ ಸಿಟ್ಟುಮಾಡಿಕೊಳ್ಳಲಿಲ್ಲವೇ ಎಂದು ಕೇಳಿದಳು. ಅವರು ದೊಡ್ಡವರಾದ ಮೇಲೆ ತಂದೆಯ ಬಗ್ಗೆ ಪ್ರೀತಿಯಿಂದಲೇ ಮಾತಾಡಿದ್ದಾರೆ ಎಂದೆ. ಆರು ತಿಂಗಳ ಮೇಲಾದರೂ ಮಗನನ್ನು ಕರೆಸಿಕೊಳ್ಳಲು ವಸತಿ ಕೊಡುವಿರಾ ಎಂದು ಆ ಶಾಲೆಗೆ ಬರೆದು ಕೇಳುತ್ತೇನೆಂದಳು. ಬರೆದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.